ಆರು ಸಲ ಹೊಳೆ ದಾಟಿದ ದಿನ

ಬೇಸಿಗೆ ರಜೆಯಲ್ಲಿ ಒಂದು ದಿನ ಮಗಳನ್ನು ಕರೆದುಕೊಂಡು ಹೋಗಬಹುದೆಂದು ಕೋರ್ಟು ಲಕ್ಷ್ಮೀಶನಿಗೆ ಹೇಳಿತ್ತು. ಊಟಿ, ಗೋವಾ ತೋರಿಸುವ ಶಕ್ತಿ ಅವನಿಗಿರಲಿಲ್ಲ. ಚಿತ್ರಾನ್ನ ಕಲಸಿ ಡಬ್ಬಿಗೆ ಹಾಕಿಕೊಂಡು, ಎಂಟು ವರ್ಷದ ಮೈತ್ರಿಯನ್ನು ಹೊಳೆ ದಾಟಿಸುವ ದೋಣಿಗೆ ಹತ್ತಿಸಿದ.

ಆಚೆ ದಡ ಮುಟ್ಟಿದ ಕೂಡಲೇ ಅವಳು, "ಅಪ್ಪಾ, ಇನ್ನೊಂದ್ಸಲ!" ಅಂದಳು. ಹಾಗೇ ಆರು ಸಲ ದಾಟಿದರು. ಕೊನೆಗೆ ದೋಣಿಯವನು ಹುಟ್ಟನ್ನು ಅವಳ ಕೈಗೇ ಕೊಟ್ಟ. ಆಗ ಅವಳು ನಕ್ಕ ನಗು ತನ್ನ ಖಾಲಿ ಕೋಣೆಗೆ ವರ್ಷವಿಡೀ ಸಾಕು ಅನ್ನಿಸಿತು ಅವನಿಗೆ.

ಸಂಜೆ ಅವಳನ್ನು ಅವಳಮ್ಮನ ಮನೆಗೆ ಬಿಟ್ಟ. ಬಾಗಿಲು ಮುಚ್ಚಿತು. ಮೆಟ್ಟಿಲಿಳಿಯುತ್ತಿದ್ದವನಿಗೆ ಕಿಟಕಿಯಿಂದ ಒಳಗಿನ ಮಾತು ಕೇಳಿಸಿತು.

"ಹೇಗಿತ್ತೇ ಇವತ್ತು?"

"ಬೋರು ಅಮ್ಮ. ಬರೀ ಬಿಸಿಲು. ಏನೂ ಚೆನ್ನಾಗಿರ್ಲಿಲ್ಲ."

ಅವನು ಕಂಬಿ ಹಿಡಿದುಕೊಂಡೇ ಕೆಳಗಿಳಿದ. ಗೇಟು ತೆಗೆಯುವಾಗ ಯಾರೋ ಓಡಿಬಂದ ಸದ್ದಾಗಿ ತಿರುಗಿದ. ಮೈತ್ರಿ. ಏದುಸಿರು ಬಿಡುತ್ತಾ ಅವನ ಅಂಗಿ ಜಗ್ಗಿ ಬಗ್ಗಿಸಿಕೊಂಡು, ಕಿವಿಯಲ್ಲಿ ಹೇಳಿದಳು:

"ಚೆನ್ನಾಗಿತ್ತು ಅಂದ್ರೆ ಅಮ್ಮ ಒಬ್ಬಳೇ ಕೂತು ಅಳ್ತಾಳಪ್ಪಾ."