ಕೆನ್ನೆಯ ಬೂದು ಎಳೆಗಳು

ಬೂದುಜ್ವರದ ಗುರುತು ಬರಿಗಣ್ಣಿಗೆ ಕಾಣುತ್ತಿರಲಿಲ್ಲ. ಚರ್ಮದಡಿಯ ಆ ನವಿರು ಎಳೆಗಳನ್ನು ಕಪ್ಪು-ಬಿಳುಪು ಕ್ಯಾಮೆರಾ ಮಾತ್ರ ಹಿಡಿಯುತ್ತಿತ್ತು. ಊರಬಾಗಿಲಲ್ಲಿ ಒಳಬರುವವರ ಮುಖದ ಫೋಟೊ ತೆಗೆಯುವುದು ಶಿವಲೀಲಾಳ ಕೆಲಸ. ಎಳೆ ಕಂಡುಬಂದವರನ್ನು ಬಸ್ಸು ಹತ್ತಿಸುತ್ತಿದ್ದರು. ಹಾಗೆ ಹೋದವರು ಯಾರೂ ಮರಳಿರಲಿಲ್ಲ.

ಅಂದು ಅವಳ ತಂಗಿ ನೀಲಗಂಗಾ ಬಂದು ಸ್ಟೂಲಿನ ಮೇಲೆ ಕೂತಳು. ಕ್ಯಾಮೆರಾದ ಪರದೆಯಲ್ಲಿ ಅವಳ ಕೆನ್ನೆಯ ತುಂಬ ಬೂದು ಎಳೆಗಳಿದ್ದವು. ಶಿವಲೀಲಾ ಕ್ಯಾಮೆರಾ ಪಕ್ಕದ ದೀಪವನ್ನು ತಂಗಿಯ ಮುಖದ ಹತ್ತಿರಕ್ಕೆ ತಳ್ಳಿ ಇನ್ನೊಂದು ಫೋಟೊ ತೆಗೆದಳು. ಬೆಳಕಿನ ಹೊಡೆತಕ್ಕೆ ಪರದೆಯಲ್ಲಿ ಕೆನ್ನೆ ಬರೀ ಬಿಳಿಯಾಗಿ ಎಳೆಗಳು ಅಳಿಸಿಹೋದವು.

“ಏನರ ಐತೇನಕ್ಕಾ?”

“ಏನಿಲ್ಲ. ಮನೀಗೆ ಹೋಗು, ಕೂಸು ಅಳ್ತಿರ್ತೈತಿ.”

ನೀಲಗಂಗಾಳ ಹಿಂದೆಯೇ ಸಾಲಿನಲ್ಲಿದ್ದ ಮುದುಕ ಬಂದು ಕೂತಾಗ ದೀಪವನ್ನು ಮೊದಲಿನ ಜಾಗಕ್ಕೇ ಎಳೆದಳು. ಅವನ ಹಣೆಯಲ್ಲಿ ಒಂದೇ ಒಂದು ಎಳೆಯಿತ್ತು.

“ಬಸ್ಸಿಗೆ ಹೋಗ್ರಿ,” ಅಂದಳು.

“ನಂದೂ ಇನ್ನೊಮ್ಮೆ ತೆಗಿಯವ್ವ,” ಅಂದ ಮುದುಕ.

ಶಿವಲೀಲಾ ತಲೆಯೆತ್ತದೆ ಮುಂದಿನವರನ್ನು ಕರೆದಳು.