ಪಾಪನಿವೇದನೆಯ ತಾಲೀಮು

"ನಮ್ಮಪ್ಪ ಸತ್ತುಹೋಗಿದಾರೆ ಅಂತ ಟೀಚರ್‌ಗೆ ಸುಳ್ಳು ಹೇಳಿದೀನಿ ಸ್ವಾಮಿ."

ಬಿಳಿ ಬಟ್ಟೆಯ ಆಚೆಯಿಂದ ಮಗಳ ಮಾತು ಬಂದಾಗ ಕ್ಷೌರಿಕನ ಕೈಯಲ್ಲಿದ್ದ ಬಾಚಣಿಗೆ ಹಾಗೇ ನಿಂತಿತು. ನಾಳೆ ಚರ್ಚಿನಲ್ಲಿ ಪಾದ್ರಿಯೆದುರು ಅವಳ ಮೊದಲ ಪಾಪನಿವೇದನೆ. ತಾಲೀಮಿಗೆ ಒಬ್ಬ ಪಾದ್ರಿ ಬೇಕೇ ಬೇಕೆಂದು ಹಟ ಹಿಡಿದು, ಗಿರಾಕಿಗಳ ಕೊರಳಿಗೆ ಕಟ್ಟುವ ಬಟ್ಟೆಯನ್ನೇ ಅಂಗಡಿಯಲ್ಲಿ ಪರದೆ ಮಾಡಿ, ಅವನನ್ನು ಈಚೆ ಕೂರಿಸಿದ್ದಳು. ಬೆಕ್ಕಿಗೆ ಕಲ್ಲು ಹೊಡೆದೆ, ಅಜ್ಜಿಗೆ ಎದುರು ಮಾತಾಡಿದೆ ಎನ್ನುವವರೆಗೂ ಅವನು ಬಾಚಣಿಗೆಯ ಕೂದಲು ಬಿಡಿಸುತ್ತ ಹೂಂಗುಟ್ಟುತ್ತಿದ್ದ.

"ಯಾಕೆ ಹಾಗಂದೆ?"

"ನಿಮ್ಮಪ್ಪ ಯಾಕೆ ಚರ್ಚಿಗೆ ಬರಲ್ಲ ಅಂತ ಬೇರೆ ಊರಿಂದ ಬರೋ ಹೊಸ ಟೀಚರ್ ಕೇಳ್ತಾನೇ ಇದ್ರು. ಅಮ್ಮ ಹೋದಾಗಿಂದ ದೇವರ ಮೇಲೆ ಕೋಪ ಅಂತ ಹೇಳೋಕೆ ನಾಚಿಕೆ ಆಯ್ತು. ಈಗ ಭಾನುವಾರ ಭಾನುವಾರ ಚರ್ಚಿನ ಕ್ಲಾಸಲ್ಲಿ ಸತ್ತವರಿಗೆ ಪ್ರಾರ್ಥನೆ ಮಾಡೋವಾಗ ಅಮ್ಮನ ಹೆಸರಿನ ಜೊತೆ ನಮ್ಮಪ್ಪನ ಹೆಸರೂ ಹೇಳ್ತಾರೆ. ನಾನೂ ಆಮೆನ್ ಅಂತೀನಿ."

ಎದುರಿನ ಕನ್ನಡಿಯಲ್ಲಿ ಅವನ ಮುಖ ಬಿಳಿಚಿಕೊಂಡಿತ್ತು. ಹೆಂಡತಿ ತೀರಿಹೋದ ಮೇಲಿನ ಈ ನಾಲ್ಕು ವರ್ಷಗಳಲ್ಲಿ ಊರಿನವರ ಮುಖವನ್ನೆಲ್ಲ ಆ ಕನ್ನಡಿಯಲ್ಲೇ ತಿದ್ದಿ ಕಳಿಸಿದ್ದ, ತನ್ನದನ್ನು ನೋಡಿರಲಿಲ್ಲ. ಮಗಳು ಹೇಳಿದ್ದು ಪೂರ್ತಿ ಸುಳ್ಳೆನ್ನಲು ಅವನಿಗೆ ಬಾಯಿ ಬರಲಿಲ್ಲ.

"ಪ್ರಾಯಶ್ಚಿತ್ತ ಹೇಳಿ ಸ್ವಾಮಿ."

ಅವನು ಬಾಚಣಿಗೆಯನ್ನು ಕೆಳಗಿಟ್ಟ. "ನಾಳೆ ನಿಮ್ಮಪ್ಪನ್ನ ಕರ್ಕೊಂಡು ಹೋಗಿ ಎಲ್ಲರಿಗೂ ತೋರಿಸು."

ಬಟ್ಟೆಯ ಆಚೆಯಿಂದ ಮಗಳು ಕೇಳಿದಳು: "ಅವರು ಬರಲ್ಲ ಅಂದ್ರೆ?"

"ಎದ್ದು ಬರ್ತಾನೆ."