ಚಿಲಕವಿಲ್ಲದ ಬಾಗಿಲು

ಸಭೆ ಶುರುವಾಗಿ ಮುಕ್ಕಾಲು ಗಂಟೆಯಾಗಿರಲಿಲ್ಲ, ಬಡಗಿ ಮೇಸ್ತ್ರಿ ಆಗಲೇ ಐದನೇ ಸಲ ಎದ್ದು ಹೊರಗೆ ಬಂದು ಮನೆಗೆ ಫೋನ್ ಮಾಡಿದ.

"ಒಳಗೆ ಹೋದ್ನೇನೇ? ಬಡೀತಿದ್ದಾನಾ?"

"ಇನ್ನೂ ಹಾಸಿಗೆ ಬಿಟ್ಟೇ ಎದ್ದಿಲ್ಲ ಕಣ್ರೀ. ನಾನೂ ಈಗ ತಾನೇ ಅಂಗಡಿಯಿಂದ ಬಂದೆ. ಸುಮ್ನೆ ನನ್ನ ಪ್ರಾಣ ತಿನ್ಬೇಡಿ," ಎಂದಳು ಹೆಂಡತಿ.

ವಾಪಸು ಬಂದು ಕುರ್ಚಿಯ ತುದಿಯಲ್ಲಿ ಕೂತ. ವೇದಿಕೆಯ ಮೇಲೆ ಆಸ್ಪತ್ರೆಯ ನರ್ಸಮ್ಮ ಮಾತಾಡುತ್ತಿದ್ದರು. "ನಶೆ ಬಿಡೋಕಾಗದೆ ಇರೋರು ಎಲ್ಲೋ ಮೂಲೇಲಿ ಚುಚ್ಕೊಂಡು ಒಬ್ಬೊಬ್ಬರೇ ಸಾಯ್ತಿದ್ದಾರೆ. ನಾವು ಕೇಳ್ತಿರೋದು ಒಂದೇ ಒಂದು ಕೋಣೆ. ಶುದ್ಧವಾದ ಸೂಜಿ, ಪಕ್ಕದಲ್ಲಿ ನೋಡ್ಕೊಳ್ಳೋಕೆ ಒಬ್ಬ ನರ್ಸು. ಬದುಕಿದ್ರೆ ತಾನೆ ಬಿಡಿಸೋ ಮಾತು?"

"ಕಳ್ಳನ ಕೈಗೇ ಬೀಗದ ಕೈ ಕೊಡಿ!" ಎಂದು ಹಿಂದಿನಿಂದ ಯಾರೋ ಕೂಗಿದರು. ಇಡೀ ಸಭೆ ನಕ್ಕಿತು. ಎಲ್ಲರಿಗಿಂತ ಜೋರಾಗಿ ನಕ್ಕವನು ಮೇಸ್ತ್ರಿ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಎಂದು ಯಾರೂ ಅನ್ನಬಾರದಲ್ಲ!

ಅವನ ಮನೆಯಲ್ಲಿ ಒಂದು ವರ್ಷದಿಂದ ಒಂದು ಕಟ್ಟಳೆಯಿತ್ತು. ಮಗ ಬಚ್ಚಲಲ್ಲಿ ಚುಚ್ಚಿಕೊಂಡು ನೀಲಿಗಟ್ಟಿ ಬಿದ್ದಿದ್ದ ದಿನವೇ ಮೇಸ್ತ್ರಿ ಆ ಬಾಗಿಲಿನ ಚಿಲಕ ಕಿತ್ತುಹಾಕಿದ್ದ. ಅಂದಿನಿಂದ ಮಗ ಒಳಗೆ ಹೋದರೆ ಬಾಗಿಲನ್ನು ಒಳಗಿನಿಂದ ಬೆರಳಲ್ಲಿ ಬಡಿಯುತ್ತಲೇ ಇರಬೇಕು, ಹೊರಗೆ ಸ್ಟೂಲಿನ ಮೇಲೆ ಅಮ್ಮ ಕಿವಿಗೊಟ್ಟು ಕೂತಿರಬೇಕು. ಸದ್ದು ನಿಂತರೆ ತಳ್ಳಿಕೊಂಡು ನುಗ್ಗಬೇಕು. ಎರಡು ಸಲ ಹಾಗೆ ನುಗ್ಗಿ ಅವಳು ಅವನನ್ನು ಉಳಿಸಿಕೊಂಡಿದ್ದಳು. ಬೀದಿಯಲ್ಲಿ ಇದು ಒಂದು ನರಪಿಳ್ಳೆಗೂ ಗೊತ್ತಿರಲಿಲ್ಲ.

ಬೆಳಗ್ಗೆ ಬೀದಿಯ ಹಿರಿಯರು, "ಮೇಸ್ತ್ರಿ, ನಿಮ್ಮ ಮಾತಿಗೆ ತೂಕ ಇದೆ, ಈ ಕೋಣೆ ಬೇಡ ಅಂತ ನೀವೇ ಹೇಳ್ಬೇಕು" ಎಂದು ಅವನನ್ನು ಕರೆದೊಯ್ಯಲು ಮನೆಗೇ ಬಂದಿದ್ದರು. ಅವರಲ್ಲಿ ಯಾರಾದರೂ ಬಚ್ಚಲಿಗೆ ಹೋಗಿ, ಊರಿಗೆಲ್ಲ ಬಾಗಿಲು ಮಾಡುವವನ ಮನೆಯಲ್ಲಿ ಚಿಲಕವೇಕಿಲ್ಲ ಎಂದು ಕೇಳಿಬಿಟ್ಟರೆ? ಬರುತ್ತೇವೆಂದು ಅವರು ಮೊದಲೇ ಹೇಳಿಕಳಿಸಿದ್ದರಿಂದ, ಬರುವ ಮುಂಚೆಯೇ, ಹೆಂಡತಿ ಅಂಗಡಿಗೆ ಹೋಗಿದ್ದಾಗ, ಅವನು ಹತ್ತೇ ನಿಮಿಷದಲ್ಲಿ ಹೊಸ ಚಿಲಕ ಜಡಿದಿದ್ದ. ಮೇಸ್ತ್ರಿ ಹಾಕಿದ ಚಿಲಕವೆಂದರೆ ಮನೆ ಬಿದ್ದರೂ ಅದು ಬೀಳದು ಎಂದು ಊರಲ್ಲಿ ಮಾತಿತ್ತು.

"ಮೇಸ್ತ್ರಿಗಳು ಬರಬೇಕು, ಮೂರು ನಿಮಿಷ," ಎಂದರು ಅಧ್ಯಕ್ಷರು.

ಅವನು ಮೈಕು ಹಿಡಿದ. "ಸ್ವಾಮಿ, ಇದು ಮಾರಿಗೆ ಮಣೆ ಹಾಕೋ ಕೆಲಸ. ಹೆತ್ತವರು ಬಿಗಿಯಾಗಿದ್ರೆ ಮಕ್ಕಳು ಯಾಕೆ ಕೆಡ್ತಾರೆ? ಚುಚ್ಕೊಳ್ಳೋರಿಗೆ ಕಾವಲು ಕೂರೋದು ಅಂದ್ರೆ..." ಚಪ್ಪಾಳೆ ಬಿತ್ತು. ಬೆವರು ಒರೆಸಲು ಕರವಸ್ತ್ರಕ್ಕೆಂದು ಜೇಬಿಗೆ ಕೈ ಹಾಕಿದರೆ ಸ್ಕ್ರೂಡ್ರೈವರ್ ಸಿಕ್ಕಿತು. ಚಿಲಕ ಹಾಕಿದ್ದ, ಹಿರಿಯರ ಗಡಿಬಿಡಿಯಲ್ಲಿ ತೆಗೆಯುವುದನ್ನೇ ಮರೆತಿದ್ದ! ಅಷ್ಟರಲ್ಲಿ ಫೋನು ಬಡಿದುಕೊಂಡಿತು.

"ರೀ, ಸದ್ದು ನಿಂತ್ಹೋಯ್ತು! ತಳ್ಳಿದ್ರೆ ಬಾಗಿಲು ಬರ್ತಿಲ್ಲ! ಇದಕ್ಕೆ ಚಿಲಕ ಎಲ್ಲಿಂದ ಬಂತ್ರೀ?"

ಅವನು ಮೈಕು ಬಿಟ್ಟು ನರ್ಸಮ್ಮನ ಕಡೆ ತಿರುಗಿದ. "ಅಮ್ಮಾ, ಬೇಗ ಬನ್ನಿ, ನನ್ನ ಮಗ..." ಆಕೆ ಏನೂ ಕೇಳದೆ ಚೀಲ ಹೆಗಲಿಗೇರಿಸಿ ಅವನ ಹಿಂದೆ ಓಡಿದರು. ಮನೆ ಎರಡು ಬೀದಿಯಾಚೆ. ಅವನು ಒದ್ದ, ಭುಜ ಕೊಟ್ಟ. ಬಾಗಿಲು ಜಗ್ಗಲಿಲ್ಲ. "ಹಾಳಾದ ಕೈಯೇ!" ಎಂದು ತನ್ನ ಕೈಯನ್ನೇ ಬೈಯುತ್ತ ಉಳಿಯಿಟ್ಟು ಸುತ್ತಿಗೆಯಿಂದ ಹೊಡೆದ. ನಾಲ್ಕನೇ ಏಟಿಗೆ ಚೌಕಟ್ಟು ಸೀಳಿ ಚಿಲಕ ಕೈಗೆ ಬಂತು.

ಮಗ ಗೋಡೆಗೊರಗಿ ಬಿದ್ದಿದ್ದ, ತುಟಿ ನೀಲಿ. ನರ್ಸಮ್ಮ ಅವನ ಮೂಗಿಗೆ ನಶೆ ಇಳಿಸುವ ಔಷಧಿ ಸಿಂಪಡಿಸಿ, ಬಾಯಿಗೆ ಬಾಯಿಟ್ಟು ಉಸಿರು ಕೊಟ್ಟರು. ಒಂದು ನಿಮಿಷ. ಎರಡು. ಮೇಸ್ತ್ರಿಗೆ ಅದೊಂದು ಯುಗ. ಕೊನೆಗೆ ಹುಡುಗ ಕೆಮ್ಮಿದ, ಕಣ್ಣು ಬಿಟ್ಟ. "ಬಾಗಿಲು ಯಾಕೆ ಮುರಿದ್ರಿ?" ಎಂದ. ಅಮ್ಮ ಕೆನ್ನೆಗೊಂದು ಬಿಟ್ಟು, ಬಿಟ್ಟ ಕೈಯಲ್ಲೇ ಅವನನ್ನು ಬಾಚಿ ತಬ್ಬಿಕೊಂಡು ಗೊಳೋ ಎಂದು ಅತ್ತಳು.

ಆಂಬುಲೆನ್ಸಿಗೆ ಫೋನ್ ಮಾಡಿ ನರ್ಸಮ್ಮ ಸುತ್ತ ನೋಡಿದರು. ಬಾಗಿಲ ಪಕ್ಕ ಸ್ಟೂಲು, ಅದರ ಮೇಲೆ ಸವೆದ ದಿಂಬು, ಕೆಳಗೆ ಅರ್ಧ ಹೆಣೆದ ಸ್ವೆಟರು, ಗೋಡೆಗೆ ಗಡಿಯಾರ.

"ಇಲ್ಲಿ ಯಾರು ಕೂರ್ತಾರೆ?"

"ನಾನೇ," ಎಂದಳು ತಾಯಿ. "ದಿನಾ."

ಹಿಂದೆಯೇ ಓಡಿಬಂದಿದ್ದ ಅಧ್ಯಕ್ಷರು, ಬೀದಿಯ ಹಿರಿಯರು ನಡುಮನೆಯಲ್ಲಿ ತುಂಬಿಕೊಂಡಿದ್ದರು. "ಏನಾಯ್ತು ಮೇಸ್ತ್ರಿ? ಮಾತು ಅರ್ಧಕ್ಕೇ ಬಿಟ್ಟು ಬಂದ್ಬಿಟ್ರಿ?"

ಜಾರಿ ಬಿದ್ದ ಅಂತ ಹೇಳಿ ಎಂದು ಹೆಂಡತಿ ಕಣ್ಣಲ್ಲೇ ಬೇಡಿಕೊಂಡಳು. ಮೇಸ್ತ್ರಿ ಕೈಯಲ್ಲಿದ್ದ ಚಿಲಕವನ್ನೊಮ್ಮೆ ನೋಡಿದ, ಅದನ್ನು ಅಧ್ಯಕ್ಷರ ಅಂಗೈಗೆ ಹಾಕಿದ.

"ನರ್ಸಮ್ಮ ಕೇಳಿದ ಕೋಣೆ ನಮ್ಮನೇಲಿ ಒಂದು ವರ್ಷದಿಂದ ಇದೆ ಸ್ವಾಮಿ. ನರ್ಸ್ ಒಬ್ರು ಇರ್ಲಿಲ್ಲ, ಅಷ್ಟೆ."